ಬದಿಯಡ್ಕದ ಗೆಳೆಯರಿಗೆ: ಹಳೆ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿ

4 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪಿಗೆ ಉಬುಂಟು, ಮಿಂಟ್, ಡೆಬಿಯನ್ ಎಂಬ ಲಿನಕ್ಸ್‌ಗಳ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂಗಳು) ಪೈಕಿ ಯಾವುದು ಸುಲಭ ಅಂತ ಕೇಳಿದ್ದೀರಿ. ನನ್ನ ಓಟು ಮಿಂಟ್‌ಗೆ, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿಗೆ.

ಪೆನ್‌ಡ್ರೈವ್‌ನಿಂದ ಹಾಕುವುದು ಯಾವುದರಲ್ಲೂ ದೊಡ್ಡ ಕಷ್ಟವಲ್ಲ. ವ್ಯತ್ಯಾಸ ಗೊತ್ತಾಗುವುದು ಆಮೇಲೆ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ಚೆಂದ ಇದೆ, ಆದರೆ 4 ಜಿಬಿಯಲ್ಲಿ ಬ್ರೌಸರ್ ತೆರೆದರೆ ಏದುಸಿರು ಬಿಡುತ್ತದೆ. ಡೆಬಿಯನ್ ಗಟ್ಟಿ. 2023ರ 12ನೇ ಆವೃತ್ತಿಯಿಂದ ವೈಫೈ ಫರ್ಮ್‌ವೇರ್ (ವೈಫೈ ಚಿಪ್ ಕೆಲಸ ಮಾಡಲು ಬೇಕಾದ ತಂತ್ರಾಂಶ) ಕೂಡ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಆದರೂ ಹಾಕುವಾಗ ಅದು ಕೇಳುವ ಪ್ರಶ್ನೆಗಳು ಹೊಸಬರಿಗೆ ಸ್ವಲ್ಪ ಜಾಸ್ತಿಯೇ.

ಮಿಂಟ್‌ನಲ್ಲಿ ನನಗೆ ತುಂಬಾ ಇಷ್ಟ ಟೈಮ್‌ಶಿಫ್ಟ್. ಮೊದಲ ದಿನವೇ ತೆರೆದು ಒಂದು ಸ್ನ್ಯಾಪ್‌ಶಾಟ್ (ಸಿಸ್ಟಂ ಆಗ ಇದ್ದ ಸ್ಥಿತಿಯ ಪ್ರತಿ) ತೆಗೆದಿಡಿ. ಮುಂದೆ ಅಪ್‌ಡೇಟ್ ಕೈಕೊಟ್ಟರೆ ಪಟ್ಟಿಯಿಂದ ಹಳೆ ದಿನಾಂಕ ಆರಿಸಿ ‘ರಿಸ್ಟೋರ್’ ಒತ್ತಿ, ಸಿಸ್ಟಂ ಮೊದಲಿನಂತಾಗುತ್ತದೆ. ಫೋಟೊ, ಕಡತಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಇಡಲೇಬೇಕು.

ಮಗಳು ಸರಕಾರಿ ಶಾಲೆಗೆ ಹೋಗುತ್ತಾಳೆ ಅಂದಿರಲ್ವಾ? ಕೇರಳದ ಶಾಲೆಗಳಲ್ಲಿರುವ ಕೈಟ್ (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಗ್ನು/ಲಿನಕ್ಸ್ ಉಬುಂಟು ಆಧಾರಿತ, ಮಿಂಟ್ ಕೂಡ ಹಾಗೇ. ಗಣಿತದ ಜಿಯೋಜೀಬ್ರಾ, ಬರವಣಿಗೆ-ಲೆಕ್ಕದ ಲಿಬ್ರೆಆಫೀಸ್ ಅವಳಿಗೆ ಆಗಲೇ ಪರಿಚಯ ಇರುತ್ತದೆ. ಇನ್‌ಸ್ಟಾಲ್ ಮಾಡುವಾಗ ಪಕ್ಕದಲ್ಲೇ ಕೂರಿಸಿಕೊಳ್ಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸ್ಕ್ರೀನ್ ಫೋಟೊ ಹಾಕಿ, ನೋಡೋಣ.