ಓದುಗರ ಪ್ರಶ್ನೆ: ಆರು ಊರು, ಒಂದು ಕಾರ್ಪೊರೇಷನ್

ಹೋದ ಸಂಚಿಕೇಲಿ ಕೆನಡಾದ ವಾಯುವ್ಯ ಮೂಲೇಲಿ, ಆರ್ಕ್ಟಿಕ್ ಸಮುದ್ರದ ದಡದಲ್ಲಿರೋ ಇನುವಿಯಾಲುಯಿಟ್ ಅನ್ನೋ ಇನುಯಿಟ್ ಮೂಲನಿವಾಸಿ ಜನರ ಪ್ರಾದೇಶಿಕ ಸಂಸ್ಥೆ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಆರು ಊರು ಸೇರಿ ಒಂದು ಕಾರ್ಪೊರೇಷನ್ ನಡೆಸ್ತಾರೆ, ವರ್ಷಕ್ಕೊಮ್ಮೆ ಸದಸ್ಯರಿಗೆಲ್ಲ ಚೆಕ್ ಹಂಚ್ತಾರೆ ಅಂತ. ಚೆಕ್ ಅಂದ ತಕ್ಷಣ ನೋಡಿ, ಪತ್ರಗಳು ಬಂದಿದ್ದೇ ಬಂದಿದ್ದು. ಸಾಲ ಮನ್ನಾ, ಸೊಸೆ ಜಗಳದ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ತಳ್ಳಿ ಈ ಸಲ ಪೂರ್ತಿ ಇದಕ್ಕೇ ಇಟ್ಟಿದೀನಿ.

ಇದು ಕಂಪನಿನಾ, ಸರ್ಕಾರನಾ, ಇಲ್ಲ ಜಾತಿ ಸಂಘ ಥರದ್ದಾ? ಸರಿಯಾಗಿ ಹೇಳಿ ಸಾರ್.
— ಎಂ.ಆರ್., ತೀರ್ಥಹಳ್ಳಿ

ಕಾಗದದ ಮೇಲೆ ಕಾರ್ಪೊರೇಷನ್, ಕೆಲಸದಲ್ಲಿ ಮುಕ್ಕಾಲು ಸರ್ಕಾರ. ಹೆಂಗೆ ಹಿಂಗಾಯ್ತು ಅಂದ್ರೆ, 1960ರ ದಶಕದ ಕೊನೇಲಿ ಆ ಕಡೆ ಎಣ್ಣೆ, ಗ್ಯಾಸ್ ಕಂಪನಿಗಳು ನುಗ್ಗಿದ್ವು, ಯಾರನ್ನೂ ಒಂದು ಮಾತು ಕೇಳದೆ ಜನ ಬಲೆ ಹಾಕೋ ಜಾಗದಲ್ಲೆಲ್ಲ ಸರ್ವೆ ಶುರು ಮಾಡಿದ್ರು. ಆಗ 1970ರಲ್ಲಿ ಇನುವಿಕ್ ಊರಲ್ಲಿ ಕೋಪ್ ಅಂತ ಒಂದು ಹೋರಾಟ ಸಮಿತಿ ಹುಟ್ಟಿತು, ಈ ನೆಲ ನಮ್ಮದು, ಒಪ್ಪಂದ ಮಾಡ್ಕೊಳ್ಳದೆ ಕಾಲಿಡಬೇಡಿ ಅಂತ. ಅದೇ ಹೊತ್ತಿಗೆ ಮೆಕೆಂಜಿ ಕಣಿವೇಲಿ ಗ್ಯಾಸ್ ಪೈಪ್‌ಲೈನ್ ಹಾಕೋ ಯೋಜನೆ ಬಂತು, ಅದರ ತನಿಖೆಗೆ ನೇಮಕ ಆದ ಜಡ್ಜ್ ಥಾಮಸ್ ಬರ್ಗರ್ ಊರೂರಿಗೆ ಹೋಗಿ ಜನರ ಎದುರು ಕೂತು ಕೇಳಿಸಿಕೊಂಡು, 1977ರಲ್ಲಿ ಹತ್ತು ವರ್ಷ ಪೈಪ್‌ಲೈನ್ ಬೇಡ, ಮೊದಲು ಭೂಮಿ ಹಕ್ಕು ಇತ್ಯರ್ಥ ಮಾಡಿ ಅಂತ ಬರೆದುಬಿಟ್ರು. ಏಳು ವರ್ಷ ಎಳೆದಾಟ ಆಗಿ 1984ರ ಜೂನ್ 5ಕ್ಕೆ ಟುಕ್ಟೊಯಾಕ್ಟುಕ್‌ನಲ್ಲಿ ಇನುವಿಯಾಲುಯಿಟ್ ಅಂತಿಮ ಒಪ್ಪಂದಕ್ಕೆ ಸಹಿ ಬಿತ್ತು.

ಸಿಕ್ಕಿದ್ದು ಸುಮಾರು 91,000 ಚದರ ಕಿಲೋಮೀಟರ್ ನೆಲ, ಅದರಲ್ಲಿ ಸುಮಾರು 13,000 ಚದರ ಕಿಲೋಮೀಟರ್‌ಗೆ ಮಾತ್ರ ನೆಲದ ಕೆಳಗಿನ ಎಣ್ಣೆ, ಗ್ಯಾಸ್, ಖನಿಜದ ಹಕ್ಕೂ ಸೇರಿ. ಜೊತೆಗೆ ಕಂತಲ್ಲಿ ಪರಿಹಾರದ ದುಡ್ಡು. ಈ ನೆಲ, ಈ ದುಡ್ಡು ಎರಡನ್ನೂ ಕಾಯೋಕೆ, ಬೆಳೆಸೋಕೆ ಹುಟ್ಟಿದ್ದೇ ಈ ಕಾರ್ಪೊರೇಷನ್, ಪೂರ್ತಿ ಹೆಸರು ಇನುವಿಯಾಲುಯಿಟ್ ರೀಜನಲ್ ಕಾರ್ಪೊರೇಷನ್, ಎಲ್ಲರೂ ಐಆರ್‌ಸಿ ಅಂತಾರೆ. ಇದರ ಕೈಕೆಳಗೆ ಭೂಮಿಗೊಂದು, ಬಂಡವಾಳಕ್ಕೊಂದು, ವ್ಯಾಪಾರಕ್ಕೊಂದು, ಪೆಟ್ರೋಲಿಯಂಗೊಂದು ಬೇರೆ ಬೇರೆ ಕಂಪನಿ. ಆದ್ರೆ ಮಕ್ಕಳ ಆರೈಕೆ, ಭಾಷೆ ಪಾಠ, ಹಿರಿಯರ ಸಹಾಯ, ಮನೆ ಕಟ್ಟೋದು ಇದೆಲ್ಲಾನೂ ಇದರ ಆಫೀಸೇ ನೋಡ್ಕೊಳ್ಳುತ್ತೆ. ಪೂರ್ಣ ಸ್ವಯಂ ಸರ್ಕಾರ ಬೇಕು ಅಂತ ಒಟ್ಟಾವಾ, ಅಂದ್ರೆ ಕೆನಡಾ ಕೇಂದ್ರ ಸರ್ಕಾರದ ಜೊತೆ ಮಾತುಕತೆ ಮಾಡಿ 2015ರಲ್ಲಿ ತಾತ್ವಿಕ ಒಪ್ಪಂದದ ತನಕ ಬಂದಿದ್ರು.

ಆ ನೆಲ ಮಾರಬಹುದಾ ಅಂತ ದೊಡ್ಡಬಳ್ಳಾಪುರದಿಂದ ಇನ್ನೊಬ್ರು ಕೇಳಿದಾರೆ, ಇಲ್ಲೇ ಹೇಳಿಬಿಡ್ತೀನಿ. ಇನುವಿಯಾಲುಯಿಟ್‌ಗೆ ಬಿಟ್ರೆ ಕೆನಡಾ ಸರ್ಕಾರಕ್ಕೆ, ಅಷ್ಟೇ. ಹೊರಗಿನವನಿಗೆ ಲೀಸ್ ಕೊಡಬಹುದು, ಪರ್ಮಿಟ್ ಕೊಡಬಹುದು, ಕ್ರಯಪತ್ರ ಬರೆದುಕೊಡೋ ಹಾಗಿಲ್ಲ. ಇಡೀ ಒಪ್ಪಂದದಲ್ಲಿ ನನಗೆ ಎಲ್ಲಕ್ಕಿಂತ ಜಾಣತನದ ಷರತ್ತು ಅನ್ನಿಸಿದ್ದು ಇದೇ.

ಅಧ್ಯಕ್ಷರನ್ನ ಜನ ನೇರವಾಗಿ ಆರಿಸ್ತಾರಾ?
— ಸುಮಾ, ಹಾವೇರಿ

ಇಲ್ಲ. ಇನುವಿಕ್, ಅಕ್ಲಾವಿಕ್, ಟುಕ್ಟೊಯಾಕ್ಟುಕ್, ಪೌಲಾಟುಕ್, ಸ್ಯಾಕ್ಸ್ ಹಾರ್ಬರ್, ಉಲುಖಾಕ್ಟೋಕ್, ಈ ಆರು ಊರಲ್ಲೂ ಒಂದೊಂದು ಕಮ್ಯುನಿಟಿ ಕಾರ್ಪೊರೇಷನ್ ಇದೆ. ಊರಿನ ಸದಸ್ಯರು ತಮ್ಮೂರಿನ ಡೈರೆಕ್ಟರ್‌ಗಳಿಗೆ ಓಟ್ ಹಾಕ್ತಾರೆ, ಆ ಡೈರೆಕ್ಟರ್‌ಗಳೆಲ್ಲ ಸೇರಿ ಐಆರ್‌ಸಿಯ ಚೇರ್, ಅಂದ್ರೆ ಮೇಲಿನ ಅಧ್ಯಕ್ಷರನ್ನ, ಆರಿಸ್ತಾರೆ. ಆರೂ ಊರಿನ ಅಧ್ಯಕ್ಷರು ಮತ್ತೆ ಈ ಚೇರ್ ಸೇರಿದ್ರೆ ಐಆರ್‌ಸಿ ಬೋರ್ಡ್.

ಇದರ ಒಳ್ಳೇದು ಏನಂದ್ರೆ, 2021ರ ಜನಗಣತೀಲಿ 104 ಜನ ಇದ್ದ ಸ್ಯಾಕ್ಸ್ ಹಾರ್ಬರ್‌ಗೂ ಬೋರ್ಡಲ್ಲಿ ಒಂದು ಕುರ್ಚಿ, ಮೂರು ಸಾವಿರ ದಾಟಿದ ಇನುವಿಕ್‌ಗೂ ಒಂದೇ ಕುರ್ಚಿ. ಸರಿ ಬರದೇ ಇರೋದು ಏನಂದ್ರೆ ಚೇರ್ ಆದವರೇ ಸಿಇಒ ಕೂಡ. ನೆಲ್ಲಿ ಕೂರ್ನೋಯೆ ಅನ್ನೋ ಗಟ್ಟಿಗಿತ್ತಿ 1996ರಿಂದ 2016ರವರೆಗೆ ಇಪ್ಪತ್ತು ವರ್ಷ ಆ ಜಾಗದಲ್ಲಿ ಇದ್ರು, ಅದಕ್ಕೂ ಮೊದಲು 1991ರಿಂದ 95ರ ತನಕ ಈ ಆರೂ ಊರು ಸೇರೋ ಇಡೀ ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ ಪ್ರೀಮಿಯರ್, ಅಂದ್ರೆ ನಮ್ಮ ಮುಖ್ಯಮಂತ್ರಿ ಥರ, ಆಗಿದ್ದವರು, ಕೋಪ್ ಹೋರಾಟದ ಕಾಲದಿಂದ ಬಂದವರು, ಅವರ ಯೋಗ್ಯತೆ ಬಗ್ಗೆ ಮಾತೇ ಇಲ್ಲ. ಆದ್ರೂ ಬೋರ್ಡ್ ನಡೆಸೋರೂ ಆಫೀಸ್ ನಡೆಸೋರೂ ಒಬ್ಬರೇ ಆದ್ರೆ ಲೆಕ್ಕ ಕೇಳೋರು ಯಾರು ಅನ್ನೋ ಪ್ರಶ್ನೆ ಹಂಗೇ ಉಳಿಯುತ್ತೆ ಅಲ್ವಾ. ಅವರ ನಂತರ 2016ರಲ್ಲಿ ಡುವೇನ್ ಸ್ಮಿತ್ ಬಂದ್ರು, ವ್ಯವಸ್ಥೆ ಮಾತ್ರ ಅದೇ.

ಪುಕ್ಕಟೆ ಚೆಕ್ ಬಂದ್ರೆ ಯಾರು ತಾನೇ ಕೆಲಸ ಮಾಡ್ತಾರೆ? ಸೋಮಾರಿ ಮಾಡೋ ಸ್ಕೀಮ್ ತಾನೆ?
— ಹೆಸರು ಬೇಡ, ದಾವಣಗೆರೆ

ಹೆಸರು ಬೇಡ ಅಂದಿದ್ದು ಒಳ್ಳೇದಾಯ್ತು ಬಿಡಿ. ನಿಮ್ಮ ಹತ್ರ ಯಾವುದೋ ಕಂಪನಿ ಷೇರು ಇದ್ದು ಡಿವಿಡೆಂಡ್ ಬಂದ್ರೆ ಅದಕ್ಕೆ ಪುಕ್ಕಟೆ ಅಂತೀರಾ? ಅಜ್ಜ ಅಜ್ಜಿ ಬೇಟೆಯಾಡಿದ ನೆಲದ ಮೇಲಿನ ಹಕ್ಕು ಬಿಟ್ಟುಕೊಟ್ಟಿದ್ದಕ್ಕೆ ಬಂದ ದುಡ್ಡು, ಅದನ್ನ ಹೂಡಿ ಬಂದ ಲಾಭದಲ್ಲಿ ಒಂದು ಪಾಲು, ಹದಿನೆಂಟು ತುಂಬಿದ ಸದಸ್ಯರಿಗೆಲ್ಲ ಸಮನಾಗಿ. ಅಧ್ಯಕ್ಷನಿಗೂ ಅಷ್ಟೇ, ಕಸ ಗುಡಿಸೋನಿಗೂ ಅಷ್ಟೇ. ಅದರಲ್ಲಿ ವರ್ಷ ಪೂರ್ತಿ ಕೂತು ತಿನ್ನೋಕಂತೂ ಆಗಲ್ಲ. ಪೌಲಾಟುಕ್, ಸ್ಯಾಕ್ಸ್ ಹಾರ್ಬರ್‌ಗೆ ರಸ್ತೇನೇ ಇಲ್ಲ, ಹಾಲು ತರಕಾರಿ ಎಲ್ಲ ವಿಮಾನದಲ್ಲೇ ಬರಬೇಕು, ಭಾರದ ಸಾಮಾನು ಬೇಸಿಗೇಲಿ ಐಸ್ ಕರಗಿದಾಗ ಬಾರ್ಜಲ್ಲಿ. ಅಲ್ಲಿನ ಅಂಗಡಿ ಬೆಲೆ ನೋಡಿದ್ರೆ ನಮ್ಮ ಏರ್‌ಪೋರ್ಟ್ ಕಾಫಿ ಬೆಲೆ ಧರ್ಮಕ್ಕೆ ಕೊಟ್ಟಂಗೆ ಅನ್ಸುತ್ತೆ.

ಅದಕ್ಕೇ ಅಲ್ಲಿನ ಸಮುದಾಯ ಸುದ್ದೀಲಿ ಪ್ರತಿ ವರ್ಷ ಒಂದು ಸೂಚನೆ ತಪ್ಪಲ್ಲ, ವಿಳಾಸ ಬದಲಾಗಿದ್ರೆ ತಿಳಿಸಿ, ಬ್ಯಾಂಕ್ ವಿವರ ಸರಿ ಮಾಡ್ಕೊಳ್ಳಿ, ಹದಿನೆಂಟಾದ ಮಕ್ಕಳ ಹೆಸರು ಸೇರಿಸಿ ಅಂತ. ಅದರ ಪಕ್ಕದಲ್ಲೇ ಚುನಾವಣಾ ಪ್ರಕಟಣೆ, ಕೆಲಸ ಖಾಲಿ ಇದೆ, ಐಸ್ ತೆಳ್ಳಗಿದೆ ಸ್ನೋಮೊಬೈಲ್ ಹುಷಾರು. ನಮ್ಮ ಸೊಸೈಟಿ ನೋಟಿಸ್ ಬೋರ್ಡ್ ಓದಿದೋರಿಗೆ ಇದೇನೂ ಹೊಸದಲ್ಲ.

ಸದಸ್ಯ ಆಗೋದು ಹೆಂಗೆ? ಮದುವೆ ಆದ್ರೆ ಸಾಕಾ?
— ಪ್ರಕಾಶ್, ಟೊರೊಂಟೊ

ಪ್ರಕಾಶ್, ಪ್ಲಾನ್ ಇದ್ರೆ ಕೈಬಿಡಿ. ಮೂಲ ಇನುವಿಯಾಲುಯಿಟ್ ವಂಶ ಇರಬೇಕು, ದತ್ತು ಮಕ್ಕಳಿಗೆ ಅವಕಾಶ ಇದೆ. ತಮಾಷೆ ಏನಂದ್ರೆ ಇನುವಿಕ್, ಅಕ್ಲಾವಿಕ್ ಎರಡೂ ಕಡೆ ಗ್ವಿಚಿನ್ ಅನ್ನೋ ಬೇರೆ ಬುಡಕಟ್ಟಿನವರೂ ಇದಾರೆ, ಅವರದ್ದು 1992ರ ಬೇರೇ ಒಪ್ಪಂದ, ಬೇರೇ ಸಂಸ್ಥೆ. ಎರಡು ಕಡೆಯವರಲ್ಲಿ ಮದುವೆಗಳು ಬೇಕಾದಷ್ಟು ಆಗಿವೆ. ಆದ್ರೆ ಒಬ್ಬ ಮನುಷ್ಯ ಒಂದೇ ಕಡೆ ಹೆಸರು ಬರೆಸಬೇಕು, ಹಂಗಾಗಿ ಒಂದೇ ಊಟದ ಟೇಬಲ್ ಮೇಲೆ ಅಣ್ಣ ಗ್ವಿಚಿನ್ ಪಟ್ಟಿ, ತಂಗಿ ಇನುವಿಯಾಲುಯಿಟ್ ಪಟ್ಟಿ ಅಂತ ಇರೋದೂ ಉಂಟು.

ತಿಮಿಂಗಿಲ ಕೊಲ್ಲೋದನ್ನ ಸಂಸ್ಥೇನೇ ಬೆಂಬಲಿಸುತ್ತಂತೆ. ಇಷ್ಟು ಮುಂದುವರಿದ ದೇಶದಲ್ಲಿ ಇದು ಬೇಕಾ?
— ವಿ. ಭಟ್, ಶಿರಸಿ

ಭಟ್ರೇ, ಅಡಿಕೆ ತೋಟ ಬಿಟ್ಟು ಒಂದು ಹುಲ್ಲುಕಡ್ಡಿ ಮರ ಆಗಿ ಬೆಳೀದೇ ಇರೋ ನೆಲದಲ್ಲಿ ನಿಂತು ಯೋಚಿಸಿ. ಬೇಸಾಯ ಅನ್ನೋದೇ ಇಲ್ಲ ಅಲ್ಲಿ. ಜುಲೈ ಬಂತಂದ್ರೆ ಮೆಕೆಂಜಿ ನದಿ ಸಮುದ್ರ ಸೇರೋ ಕಡೆ ಕುಟುಂಬಗಳೆಲ್ಲ ಕ್ಯಾಂಪ್ ಹಾಕ್ತಾರೆ, ಆಗ ಬೆಲೂಗಾ ಅನ್ನೋ ಬಿಳಿ ತಿಮಿಂಗಿಲಗಳು ಬೆಚ್ಚಗಿನ ನೀರಿಗೆ ಗುಂಪುಗುಂಪಾಗಿ ಬರ್ತವೆ. ಹಿಡಿದು ದಡಕ್ಕೆ ಎಳೆದ ಮೇಲೆ ಮೊದಲು ಬರೋದು ಚಾಕು ಅಲ್ಲ, ಅಳತೆ ಟೇಪು. ಊರಿನ ಮಾನಿಟರ್ ಒಬ್ರು ಬಂದು ಉದ್ದ ಅಳೀತಾರೆ, ಗಂಡೋ ಹೆಣ್ಣೋ ಬರ್ಕೋತಾರೆ, ಕೆಳದವಡೆ ತೆಗೆದು ಇಡ್ತಾರೆ, ಹಲ್ಲು ಸೀಳಿ ಒಳಗಿನ ಪದರ ಎಣಿಸಿದ್ರೆ ವಯಸ್ಸು ಗೊತ್ತಾಗುತ್ತೆ. ಆಮೇಲೆ ಹೆಂಗಸರು ಉಲು ಅನ್ನೋ ಅರ್ಧಚಂದ್ರದ ಚಾಕುವಲ್ಲಿ ಚರ್ಮ ಕೊಬ್ಬು ಸೇರಿಸಿ ಪಟ್ಟಿಪಟ್ಟಿಯಾಗಿ ಕತ್ತರಿಸಿ ಗಳುವಿಗೆ ನೇತು ಹಾಕ್ತಾರೆ, ಅದೇ ಮಕ್ಟುಕ್. ಅದರಲ್ಲಿ ವಿಟಮಿನ್ ಸಿ ಇದೆ, ನಿಂಬೆಹಣ್ಣು ಬೆಳೆಯದ ಕಡೆ ಜನ ಬದುಕಿದ್ದು ಹಂಗೆ.

ಈ ಬೇಟೆ ಹೆಂಗೆ ನಡೀಬೇಕು ಅಂತ ನೋಡ್ಕೊಂಡು ಸಲಹೆ ಕೊಡೋ ಸಮಿತೀಲಿ ಅರ್ಧ ಇನುವಿಯಾಲುಯಿಟ್ ಕಡೆಯವರು, ಅರ್ಧ ಸರ್ಕಾರದ ಕಡೆಯವರು, ಒಪ್ಪಂದದಲ್ಲೇ ಬರೆದಿದೆ. 2010ರಲ್ಲಿ ಇದೇ ಬೆಲೂಗಾಗಳಿಗೋಸ್ಕರ ತಾರಿಯುಮ್ ನಿರ್ಯುತೈತ್ ಅಂತ ಕೆನಡಾದ ಆರ್ಕ್ಟಿಕ್‌ನ ಮೊದಲ ಸಂರಕ್ಷಿತ ಸಮುದ್ರ ಪ್ರದೇಶ ಆಗಿದ್ದು ಅಲ್ಲೇ. ತಿನ್ನೋರಿಗೇ ಅದು ಉಳೀಬೇಕು ಅನ್ನೋ ಚಿಂತೆ ಜಾಸ್ತಿ.

ಇನ್ನೊಂದು ಕಥೆ. 1929ರ ಡಿಸೆಂಬರಲ್ಲಿ ಅಲಾಸ್ಕಾದಿಂದ ಸುಮಾರು 3,000 ಹಿಮಸಾರಂಗ ಹೊಡ್ಕೊಂಡು ಹೊರಟ ಕುರುಬರು ಮೆಕೆಂಜಿ ಮುಖಜ ಭೂಮಿ ಮುಟ್ಟಿದ್ದು 1935ರಲ್ಲಿ, ಐದು ವರ್ಷಕ್ಕೂ ಹೆಚ್ಚು! ದಾರೀಲಿ ಎಷ್ಟೋ ಸತ್ತು ಎಷ್ಟೋ ಹುಟ್ಟಿದ್ವು. ಕ್ಯಾರಿಬೂ ಅನ್ನೋ ಕಾಡು ಹಿಮಸಾರಂಗ ಕಮ್ಮಿ ಆಗಿ ಜನ ಹಸೀತಿದಾರೆ ಅಂತ ಸರ್ಕಾರ ತರಿಸಿದ್ದ ಮಂದೆ ಅದು. ಆ ಮಂದೆಯ ವಂಶವನ್ನ 2021ರಲ್ಲಿ ಐಆರ್‌ಸಿ ಕೊಂಡುಕೊಂಡಿತು, ಊರುಗಳಿಗೆ ಮಾಂಸ ಒದಗಿಸೋಕೆ. ಪೆಟ್ರೋಲಿಯಂ ಕಂಪನಿನೂ ಇವರದ್ದೇ, ಸಾರಂಗದ ಮಂದೆನೂ ಇವರದ್ದೇ.

ಮೂಲನಿವಾಸಿಗಳು ಅಂದ್ರೆ ಪರಿಸರ ಕಾಯೋರು ಅಂದ್ಕೊಂಡಿದ್ದೆ. ಇವರೇ ಎಣ್ಣೆ ತೆಗೀಬೇಕು ಅಂತಾರಲ್ಲ?
— ನಂದಿನಿ, ಬೆಂಗಳೂರು

ನಾವು ದೂರದಲ್ಲಿ ಕೂತು ಅವರನ್ನ ದೇವರ ಫೋಟೋ ಮಾಡಿ ಗೋಡೆಗೆ ಹಾಕಿಬಿಡ್ತೀವಿ, ಆಮೇಲೆ ಫೋಟೋ ಮಾತಾಡಿದ್ರೆ ಸಿಟ್ಟು. 2016ರ ಡಿಸೆಂಬರಲ್ಲಿ ಆಗಿನ ಕೆನಡಾ ಪ್ರಧಾನಿ ಟ್ರೂಡೊ ಮತ್ತೆ ಅಮೆರಿಕ ಅಧ್ಯಕ್ಷ ಒಬಾಮಾ ಸೇರಿ ಆರ್ಕ್ಟಿಕ್ ಸಮುದ್ರದಲ್ಲಿ ಹೊಸದಾಗಿ ಎಣ್ಣೆ ಗ್ಯಾಸ್ ಪರವಾನಗಿ ಇಲ್ಲ ಅಂತ ಘೋಷಿಸಿದ್ರು. ಪ್ರಪಂಚ ಚಪ್ಪಾಳೆ ಹೊಡೀತು. ಇನುವಿಯಾಲುಯಿಟ್ ನಾಯಕರಿಗೆ ಮೈ ಉರೀತು, ಯಾಕಂದ್ರೆ ಅವರನ್ನ ಸರಿಯಾಗಿ ಕೇಳಿರಲೇ ಇಲ್ಲ. 1960ರ ದಶಕದ ಕೊನೇಲಿ ಕೇಳದೆ ಕೊರೆಯೋಕೆ ಬಂದ್ರು, 2016ರಲ್ಲಿ ಕೇಳದೆ ಬೇಡ ಅಂದ್ರು, ಎರಡೂ ಸಲ ನಿರ್ಧಾರ ಆಗಿದ್ದು ಸಾವಿರಾರು ಕಿಲೋಮೀಟರ್ ಆಚೆ. ಜಗಳ ಎಣ್ಣೆ ಬೇಕೋ ಬೇಡ್ವೋ ಅನ್ನೋದಕ್ಕಿಂತ ಹೇಳೋರು ಯಾರು ಅನ್ನೋದರ ಮೇಲೆ. ಕೊನೆಗೆ 2023ರಲ್ಲಿ ಕೆನಡಾ, ನಾರ್ತ್‌ವೆಸ್ಟ್ ಟೆರಿಟರೀಸ್ ಮತ್ತೆ ಯುಕಾನ್ ಸರ್ಕಾರಗಳು, ಐಆರ್‌ಸಿ ನಾಲ್ವರೂ ಕೂತು ಆ ಸಮುದ್ರದ ಎಣ್ಣೆ ಗ್ಯಾಸನ್ನ ಜಂಟಿಯಾಗಿ ನಿರ್ವಹಿಸೋ ಒಪ್ಪಂದಕ್ಕೆ ಸಹಿ ಹಾಕಿದ್ರು.

ಮತ್ತೆ ಇದೂ ನೋಡಿ, ಕಾಲ ಕೆಳಗೇ ಗ್ಯಾಸ್ ಇಟ್ಕೊಂಡು ಇನುವಿಕ್ ಊರು ಮನೆ ಬೆಚ್ಚಗಿಡೋಕೆ ದಕ್ಷಿಣದಿಂದ ಲಾರೀಲಿ ಇಂಧನ ತರಿಸ್ತಾ ಇದೆ, ಊರಿಗೆ ಗ್ಯಾಸ್ ಕೊಡ್ತಿದ್ದ ಇಖಿಲ್ ಬಾವಿ ಸೋತಮೇಲೆ ಇದೇ ಗತಿ. ಬರೋ ದಾರಿ ಡೆಂಪ್ಸ್ಟರ್ ಹೆದ್ದಾರಿ, ನಡುವೆ ಎರಡು ದೊಡ್ಡ ನದಿಗಳಿಗೆ ಸೇತುವೆ ಇಲ್ಲ, ಬೇಸಿಗೇಲಿ ಫೆರಿ, ಚಳಿಗಾಲದಲ್ಲಿ ಐಸ್ ಮೇಲೇ ಲಾರಿ, ಐಸ್ ಕಟ್ಟೋ ಕರಗೋ ಹೊತ್ತಲ್ಲಿ ಎರಡೂ ಬಂದ್. ಹೊರಗೆ ಮೈನಸ್ ನಲವತ್ತು. ಅದಕ್ಕೇ ತಮ್ಮದೇ ನೆಲದ ಒಂದು ಹಳೇ ಬಾವಿಯಿಂದ ಗ್ಯಾಸ್ ತೆಗೆದು ಊರಿಗೆ ಕೊಡೋ ಯೋಜನೆಗೆ ಐಆರ್‌ಸಿ ಕೈ ಹಾಕಿದ್ದು. ಇದಕ್ಕೆ ನಾನಂತೂ ಬೇಡ ಅನ್ನಲಾರೆ.

ಸಮುದ್ರ ಊರನ್ನ ನುಂಗ್ತಿದೆ ಅಂತ ಓದಿದೆ, ನಿಜಾನಾ?
— ಕಿರಣ್, ಉಳ್ಳಾಲ

ನಿಜ. ಟುಕ್ಟೊಯಾಕ್ಟುಕ್ ನಿಂತಿರೋದು ಹೆಪ್ಪುಗಟ್ಟಿದ ಮಣ್ಣಿನ ಮೇಲೆ, ಒಳಗೆ ಐಸ್ ಪದರಗಳೇ ತುಂಬಿವೆ. ಮೊದಲು ಸಮುದ್ರದ ಮೇಲೆ ಐಸ್ ಬೇಗ ಕಟ್ಟಿ ಅಲೆಗೆ ತಡೆ ಆಗ್ತಿತ್ತು, ಈಗ ಐಸ್ ಇಲ್ಲದ ದಿನಗಳು ಜಾಸ್ತಿ, ಬಿರುಗಾಳಿ ನೇರ ದಡಕ್ಕೇ ಬಡಿಯುತ್ತೆ. ಮಣ್ಣು ಕರಗಿ ಕುಸಿಯುತ್ತೆ. ಬಂದರಿಗೆ ಅಡ್ಡ ಇರೋ ಪುಟ್ಟ ದ್ವೀಪ ವರ್ಷಕ್ಕೆ ಹೆಚ್ಚುಕಮ್ಮಿ ಎರಡು ಮೀಟರ್ ಕರಗ್ತಾ ಇದೆ, ಅಂಚಿನ ಕೆಲವು ಮನೆಗಳನ್ನ ಹಂಗೇ ಎತ್ತಿ ಒಳಗಡೆ ಇಟ್ಟಿದಾರೆ. ಉಳ್ಳಾಲದವರಿಗೆ ಕಡಲ್ಕೊರೆತ ನಾನು ಹೇಳಿಕೊಡಬೇಕಿಲ್ಲ, ಆದ್ರೆ ಅಲ್ಲಿ ಕಲ್ಲು ಸುರಿದ್ರೂ ಅಡಿಯ ಐಸ್ ಕರಗಿದ್ರೆ ಕಲ್ಲೂ ಕೆಳಗೇ.

ಊರು ಬಿಟ್ಟು ಹೋಗಲಿ ಅನ್ನೋದು ಸುಲಭ. 1950ರ ದಶಕದಲ್ಲಿ ಪ್ರವಾಹ ಬರೋ ಅಕ್ಲಾವಿಕ್ ಬೇಡ ಅಂತ ಸರ್ಕಾರ ಹೊಸದಾಗಿ ಇನುವಿಕ್ ಕಟ್ಟಿತು, ಅಕ್ಲಾವಿಕ್ ಜನ ಎಷ್ಟೋ ಮಂದಿ ಬರಲೇ ಇಲ್ಲ. ಸೋಲೊಪ್ಪಲ್ಲ ಅನ್ನೋದನ್ನೇ ಊರಿನ ಧ್ಯೇಯವಾಕ್ಯ ಮಾಡ್ಕೊಂಡು ಇವತ್ತಿಗೂ ಅಲ್ಲೇ ಇದಾರೆ.

ಇವರು ಕಾನೂನು ಮಾಡಬಹುದಾ? ಮಾಡಿದ್ರೆ ಕೋರ್ಟ್ ಒಪ್ಪುತ್ತಾ?
— ವಕೀಲೆ, ಧಾರವಾಡ

ಮಾಡಿದಾರೆ ಮೇಡಂ. ಹಿಂದೆ ಸರ್ಕಾರದವರು ಮೂಲನಿವಾಸಿ ಮಕ್ಕಳನ್ನ ಅಪ್ಪ ಅಮ್ಮನಿಂದ ಕಿತ್ತು ವಸತಿ ಶಾಲೆಗೆ ಎಳ್ಕೊಂಡು ಹೋಗ್ತಿದ್ರು, ಆಮೇಲಿನ ಕಾಲದಲ್ಲಿ ಮಕ್ಕಳ ರಕ್ಷಣೆ ಹೆಸರಲ್ಲಿ ದೂರದ ಊರಿನ ಅಪರಿಚಿತರ ಮನೆಗೆ. 2019ರಲ್ಲಿ ಕೆನಡಾ ಸಂಸತ್ತು ಮೂಲನಿವಾಸಿಗಳು ತಮ್ಮ ಮಕ್ಕಳ ಆರೈಕೆಗೆ ತಾವೇ ಕಾನೂನು ಮಾಡ್ಕೊಳ್ಳಬಹುದು ಅಂತ ಕಾಯ್ದೆ ತಂತು, 2021ರ ನವೆಂಬರಲ್ಲಿ ಐಆರ್‌ಸಿ ತನ್ನ ಮಕ್ಕಳ ಮತ್ತು ಕುಟುಂಬದ ಕಾನೂನು ಪಾಸ್ ಮಾಡಿತು. ಮಗುವನ್ನ ಮನೆಯಿಂದ ಬೇರೆ ಮಾಡಲೇಬೇಕಾದ್ರೆ ಮೊದಲು ನೆಂಟರು, ಆಮೇಲೆ ಅದೇ ಸಮುದಾಯ, ಹೊರಗಿನವರು ಕೊನೆಗೆ, ಇದು ಅದರ ತಿರುಳು. ಕ್ವಿಬೆಕ್ ಪ್ರಾಂತ್ಯ ಕೇಂದ್ರದ ಕಾಯ್ದೆಯನ್ನೇ ಪ್ರಶ್ನಿಸಿತ್ತು, 2024ರ ಫೆಬ್ರವರಿ 9ಕ್ಕೆ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಕಾಯ್ದೆ ಸರಿ ಅಂತ ಎತ್ತಿಹಿಡೀತು. ನೀವು ವಕೀಲರು, ಆ ತೀರ್ಪು ಒಮ್ಮೆ ಓದಿ, ಆಮೇಲೆ ನಮ್ಮ ಪತ್ರಿಕೆಗೆ ಒಂದು ಲೇಖನ ಬರೆದುಕೊಡಿ, ಸಂಭಾವನೆ ಕಮ್ಮಿ ಅಂತ ಈಗ್ಲೇ ಹೇಳಿರ್ತೀನಿ.