ತಮ್ಮನ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಅಡ್ವಾನ್ಸ್ಡ್ ಕ್ಯಾಂಪ್‌ಗೆ 35 ಸಾವಿರ ಸಾಲ ಮಾಡಿ ಕಳಿಸಬಹುದಾ?

ಸಾಲ ಮಾಡಲೇಬೇಡಿ ಅಂತ ಹೇಳುವುದಿಲ್ಲ. ಆದರೆ ಆ ಸಾಲ ಕ್ಯಾಂಪ್ ಫೀಸ್‌ಗೆ ಬೇಡ.

ನಿಮ್ಮ ತಮ್ಮನಿಗೆ ಹೊರ ರಾಜ್ಯದ ಹತ್ತು ದಿನದ ಕ್ಯಾಂಪ್‌ಗೆ ಕರೆ ಬಂದಿದೆ. ಅವನ ಹತ್ತಿರ ಸ್ವಂತ ಸ್ಪೋರ್ಟ್ಸ್ ಚೇರ್ ಇಲ್ಲ. "ಚೇರ್ ಅಲ್ಲೇ ಕೊಡುತ್ತಾರಂತೆ" ಅಂತ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ. ನಾನೂ ಅದೇ ಮಾತು ನಂಬಿ ಹೋದವಳು.

ನಾನು ಹಾಸನದ ಕಡೆಯವಳು. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು, ಹೊಕ್ಕುಳಿನ ಕೆಳಗೆ ಸ್ಪರ್ಶ ಇಲ್ಲ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಷಿನ್‌ಗೆ ಮೋಟಾರ್ ಹಾಕಿಸಿ, ಪೆಡಲ್ ಮೊಣಕೈಗೆ ಸಿಗುವ ಹಾಗೆ ಮಾಡಿಕೊಂಡಿದ್ದೇನೆ. ಸಂಜೆ ಪ್ರಾಕ್ಟೀಸ್. ಆಟದಲ್ಲಿ ನನ್ನ ಕ್ಲಾಸ್ 1.5. ನಿಮಗೆ ಗೊತ್ತಿರುತ್ತದೆ, ಬೇರೆ ಓದುಗರಿಗಾಗಿ ಹೇಳುತ್ತೇನೆ: ದೇಹದ ಮೇಲಿನ ಹಿಡಿತ ನೋಡಿ ಪ್ರತಿ ಆಟಗಾರರಿಗೂ 1.0ರಿಂದ 4.5ರವರೆಗೆ ಪಾಯಿಂಟ್ ಕೊಡುತ್ತಾರೆ, ಹಿಡಿತ ಕಡಿಮೆಯಿದ್ದಷ್ಟೂ ಪಾಯಿಂಟ್ ಕಡಿಮೆ. ಅಂಗಳದಲ್ಲಿರುವ ಐದು ಜನರದು ಸೇರಿ 14 ದಾಟುವಂತಿಲ್ಲ. ನನ್ನಂಥ ಕಡಿಮೆ ಪಾಯಿಂಟಿನವರು ಬುಟ್ಟಿಗೆ ಚೆಂಡು ಹಾಕುವುದು ಕಡಿಮೆ. ಎದುರಾಳಿಯ ದಾರಿಗೆ ಚೇರ್ ಅಡ್ಡ ತಂದು ನಿಲ್ಲಿಸುವುದು, ನಮ್ಮ ಕಡೆಯ 4.0, 4.5 ಆಟಗಾರರಿಗೆ ಜಾಗ ಮಾಡಿಕೊಡುವುದು ನಮ್ಮ ಕೆಲಸ. ಅಂದರೆ ನಮ್ಮ ಆಟ ಇರುವುದೇ ಚೇರ್ ಓಡಿಸುವುದರಲ್ಲಿ.

ನನ್ನ ಚೇರ್ ಸೆಕೆಂಡ್ ಹ್ಯಾಂಡ್. ಉಕ್ಕಿನದು, ಭಾರ ಜಾಸ್ತಿ. ಆದರೆ ನಮ್ಮೂರಿನ ವೆಲ್ಡಿಂಗ್ ಅಂಗಡಿಯವರು ನನ್ನನ್ನು ಕೂರಿಸಿ ಅಳತೆ ನೋಡಿ, ಸೀಟ್ ಕಿರಿದು ಮಾಡಿ, ಬೆನ್ನಿನ ಪಟ್ಟಿ ತಗ್ಗಿಸಿ ಕೊಟ್ಟಿದ್ದರು. ಖಾಸಗಿಯಾಗಿ ನಡೆಸುವ ಒಂದು ಕ್ಯಾಂಪ್‌ಗೆ ಹೊರಟಾಗ ಅದನ್ನು ಮನೆಯಲ್ಲೇ ಬಿಟ್ಟೆ. ಫಾರಿನ್ ಅಲ್ಯೂಮಿನಿಯಂ ಚೇರ್‌ಗಳಿವೆ, ಏನೂ ತರಬೇಕಾಗಿಲ್ಲ ಅಂದಿದ್ದರು. ದಿನಬಳಕೆಯ ಚೇರ್ ಜೊತೆಗೆ ಇನ್ನೊಂದನ್ನು ರೈಲಿಗೆ ಹತ್ತಿಸಿ ಇಳಿಸುವುದು ಅಣ್ಣನಿಗೆ ಕಷ್ಟ. ಸ್ಟೇಷನ್‌ನಿಂದ ಆಟೋ ಬದಲು ಗೂಡ್ಸ್ ಟೆಂಪೋ ಮಾಡಬೇಕು. ಆ ಖರ್ಚು ಉಳಿಸಿದೆ. ಫಾರಿನ್ ಚೇರ್‌ನಲ್ಲಿ ಆಡುವ ಆಸೆಯೂ ಇತ್ತು.

ಆ ಒಂದು ತೀರ್ಮಾನದಿಂದ ಏನೇನಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಅಲ್ಲಿ ನನಗೆ ಸಿಕ್ಕ ಚೇರ್‌ನ ಸೀಟ್ ನನ್ನ ಸೊಂಟಕ್ಕಿಂತ ಮೂರು ಇಂಚು ಅಗಲ. ಮೂರು ಇಂಚು ತಾನೇ ಅನ್ನಿಸಬಹುದು. ಹೊಟ್ಟೆ, ಸೊಂಟದ ಸ್ನಾಯುಗಳು ಕೆಲಸ ಮಾಡುವವರಾದರೆ ಹೇಗೋ ಸಂಭಾಳಿಸುತ್ತಾರೆ. ನಮಗೆ ಆ ಹಿಡಿತ ಇಲ್ಲ. ಚಕ್ರ ತಿರುಗಿಸಿದಾಗ ಚೇರ್ ಒಂದು ಕಡೆ ಹೋಗುತ್ತದೆ, ಮೈ ಸೀಟಿನಲ್ಲಿ ಇನ್ನೊಂದು ಕಡೆ ಜಾರುತ್ತದೆ. ಆಮೇಲೆ ಎಷ್ಟು ಬಲ ಹಾಕಿದರೂ ತಿರುವು ತಡವಾಗುತ್ತದೆ. ಎರಡೂ ಪಕ್ಕ ಟವೆಲ್ ಮಡಿಸಿ ತುರುಕಿದೆವು. ಬೆವರಿಗೆ ಅದೂ ಒದ್ದೆಯಾಗಿ ಸುಕ್ಕುಗಟ್ಟಿತು. ಮೈ ನಿಲ್ಲಲಿ ಅಂತ ಸೀಟಿನ ಹಿಂಭಾಗವನ್ನು ಇನ್ನಷ್ಟು ತಗ್ಗಿಸಿಕೊಟ್ಟರು. ಮಂಡಿ ಮೇಲೆ, ಸೊಂಟ ಕೆಳಗೆ. ಹಾಗೆ ಕೂತರೆ ಬೀಳುವುದಿಲ್ಲ, ನಿಜ. ಆದರೆ ಭಾರವೆಲ್ಲ ಕುಂಡೆಯ ಮೂಳೆಗಳ ಮೇಲೆ ಬೀಳುತ್ತದೆ. ಅದರ ಮೇಲೆ ಉಜ್ಜಾಟ, ಬೆವರು, ಬೆಳಗ್ಗೆ ಸಂಜೆ ಎರಡು ಹೊತ್ತಿನ ಸೆಷನ್. ಸ್ಪರ್ಶ ಇರುವವರಿಗೆ ಉರಿ ಗೊತ್ತಾಗುತ್ತದೆ. ನನಗೆ ಗೊತ್ತಾಗಲಿಲ್ಲ.

ಬೆಡ್‌ಸೋರ್, ಅಂದರೆ ಒತ್ತಡದಿಂದ ಬರುವ ಹುಣ್ಣು, ಆಯಿತು. ಮೊದಲು ಬರೀ ಕೆಂಪು. ಕ್ಯಾಂಪ್ ಮುಗಿಯುವ ಹೊತ್ತಿಗೆ ಚರ್ಮ ಬಿಟ್ಟಿತ್ತು. ಮನೆಗೆ ಬಂದ ಮೇಲೆ ಕೂರುವ ಹಾಗಿಲ್ಲ ಅಂದರು ಡಾಕ್ಟರು. ಕೂರದೆ ಹೊಲಿಯುವುದು ಹೇಗೆ? ತಿಂಗಳುಗಟ್ಟಲೆ ಬೋರಲು ಮಲಗಿದೆ. ಮದುವೆ ಸೀಸನ್ ಪೂರ್ತಿ ಹೋಯಿತು. ಒಪ್ಪಿಕೊಂಡಿದ್ದ ಬಟ್ಟೆಗಳನ್ನು ಅಮ್ಮ ಮನೆ ಮನೆಗೆ ಹೋಗಿ ವಾಪಸ್ ಕೊಟ್ಟು ಬಂದರು. ಕ್ಯಾಂಪ್ ಫೀಸ್ 18 ಸಾವಿರ ಇತ್ತು. ಡ್ರೆಸಿಂಗ್, ಆಸ್ಪತ್ರೆ, ಹೋದ ದುಡಿಮೆ ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತು.

ಕಲಿತದ್ದಾದರೂ ಉಳಿಯಿತಾ? ಅದೂ ಪೂರ್ತಿ ಉಳಿಯಲಿಲ್ಲ. ಕೋಚ್ ಒಳ್ಳೆಯವರು, ಮನಸ್ಸಿಟ್ಟು ಹೇಳಿಕೊಟ್ಟರು. ಆದರೆ ಆ ಚೇರ್‌ನ ಆಕ್ಸಲ್, ಅಂದರೆ ದೊಡ್ಡ ಚಕ್ರಗಳ ಅಚ್ಚು, ಮುಂದಕ್ಕಿತ್ತು, ನನ್ನದರಲ್ಲಿ ಹಿಂದಕ್ಕಿದೆ. ಆಕ್ಸಲ್ ಮುಂದಿದ್ದರೆ ಚೇರ್ ಬೇಗ ತಿರುಗುತ್ತದೆ, ಹಿಂದಕ್ಕೆ ವಾಲುವುದೂ ಬೇಗ. ಹಿಂದಿದ್ದರೆ ನೇರ ಓಟಕ್ಕೆ ಗಟ್ಟಿ, ತಿರುವಿಗೆ ಭಾರ. ಎಲ್ಲಿ ಚಕ್ರ ಹಿಡಿದು ನಿಲ್ಲಿಸಬೇಕು, ಯಾವ ಕ್ಷಣದಲ್ಲಿ ತಳ್ಳಬೇಕು ಅನ್ನುವ ಅಂದಾಜೆಲ್ಲ ಬೇರೆ. ಅಲ್ಲಿ ಕಲಿತದ್ದನ್ನು ಊರಲ್ಲಿ ನನ್ನ ಚೇರ್ ಮೇಲೆ ಮಾಡಲು ಹೋದರೆ ಲೆಕ್ಕ ತಪ್ಪುತ್ತಿತ್ತು. ಒಬ್ಬರ ಅಳತೆಗೆ ಹೊಲಿದ ಬ್ಲೌಸ್ ಇನ್ನೊಬ್ಬರಿಗೆ ತೊಡಿಸಿದ ಹಾಗೆ. ಹೊಸದಾಗಿ ಕಲಿಯುವವರು, ಕಲಿಕೆಯ ಮಟ್ಟಿಗೆ, ಯಾವ ಚೇರ್‌ನಲ್ಲಿ ಕೂತರೂ ನಡೆಯುತ್ತದೆ. ಅಡ್ವಾನ್ಸ್ಡ್ ಅನ್ನುವ ಹಂತದಲ್ಲಿ ಕಲಿಸುವುದೇ ಇಂಥ ಸೂಕ್ಷ್ಮಗಳನ್ನು. ಅವು ಆ ಚೇರ್‌ಗೇ ಅಂಟಿಕೊಂಡಿರುತ್ತವೆ.

ಅದಕ್ಕೇ ನೇರವಾಗಿ ಹೇಳುತ್ತೇನೆ. ಫೀಸ್‌ಗೆ ಸಾಲ ಮಾಡಬಹುದಾ ಅಂತ ಕೇಳಿದ್ದೀರಿ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಅವನ ಅಳತೆಯ ಚೇರ್ ಎಲ್ಲಿಂದ ಬರಬೇಕು ಅನ್ನುವುದು. ಕ್ಲಬ್‌ನಲ್ಲಿ ಆ ದಿನ ಖಾಲಿ ಇರುವ ಚೇರ್ ಹತ್ತಿ ಆಡುತ್ತಿರುವ ಹುಡುಗನಿಗೆ ಅಡ್ವಾನ್ಸ್ಡ್ ಕ್ಯಾಂಪ್ ಈಗ ಬೇಡ. ಅವನಿಗೆ ಬೇಜಾರಾಗುತ್ತದೆ, ಗೊತ್ತು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಅಂತ ನಾಲ್ಕು ಜನ ಹೇಳುತ್ತಾರೆ. ನನಗೂ ಹೇಳಿದ್ದರು. ಫೀಸ್ ತೆಗೆದುಕೊಂಡು ನಡೆಸುವ ಕ್ಯಾಂಪ್ ಮುಂದಿನ ವರ್ಷವೂ ಇರುತ್ತದೆ. ಅದೇ 35 ಸಾವಿರವನ್ನು ಚೇರ್‌ಗೆ ಮೊದಲ ಕಂತು ಅಂತ ತೆಗೆದಿಡಿ. ಅಳತೆಗೆ ತರಿಸುವ ಫಾರಿನ್ ಚೇರ್ ಲಕ್ಷಗಳ ಲೆಕ್ಕ. ನಮ್ಮ ದೇಶದಲ್ಲೇ ಮಾಡುವುದು, ಇಲ್ಲವೇ ಸೆಕೆಂಡ್ ಹ್ಯಾಂಡ್ ತಂದು ಅಳತೆಗೆ ತಿದ್ದಿಸುವುದು ಎಷ್ಟೋ ಅಗ್ಗ. ನಾನು ಈಗಲೂ ಅದೇ ಉಕ್ಕಿನ ಚೇರ್‌ನಲ್ಲೇ ಆಡುತ್ತಿದ್ದೇನೆ, ತೃಪ್ತಿಯಿಂದ.

ಒಂದು ವಿಷಯ ವಿಚಾರಿಸಿ: ಇದು ತಂಡದ ಆಯ್ಕೆಗೆ ನಡೆಸುವ ಕ್ಯಾಂಪಾ, ಖಾಸಗಿ ತರಬೇತಿಯಾ? ಚೆನ್ನೈನಲ್ಲಿರುವ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾಕ್ಕೆ ಬರೆದು ಕೇಳಿದರೆ ಗೊತ್ತಾಗುತ್ತದೆ. ಆಯ್ಕೆಯ ಕ್ಯಾಂಪ್ ಆಗಿದ್ದರೆ ಊಟ, ವಸತಿ ಯಾರದು ಅನ್ನುವುದನ್ನೂ ಕೇಳಿಕೊಳ್ಳಿ.

ದುಡ್ಡಿನ ದಾರಿಗಳು ಬೇಗ ಹೇಳಿಬಿಡುತ್ತೇನೆ. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದವರಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ 75% ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಅದಕ್ಕೆ ರೈಲ್ವೆಯ ಕಾರ್ಡ್ ಮೊದಲೇ ಮಾಡಿಸಿರಬೇಕು. ತಮ್ಮ ನಿಮ್ಮ ದುಡಿಮೆಯ ಮೇಲೇ ಇದ್ದಾನೆ, ನೀವು ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುತ್ತೀರಿ ಅಂದರೆ, ವೈಕಲ್ಯ ಇರುವ ಅವಲಂಬಿತರನ್ನು ನೋಡಿಕೊಳ್ಳುವವರಿಗೆ ಇರುವ ಕಡಿತ ನೋಡಿ (1961ರ ಕಾಯ್ದೆಯಲ್ಲಿ ಅದು 80ಡಿಡಿ ಕಲಮು). 75,000 ರೂಪಾಯಿ, ವೈಕಲ್ಯ 80% ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ, ತೆರಿಗೆ ಲೆಕ್ಕ ಹಾಕುವ ಆದಾಯದಲ್ಲಿ ಕಡಿತ ಸಿಗುತ್ತದೆ. ಅಕ್ಕ ತಂಗಿ, ಅಣ್ಣ ತಮ್ಮಂದಿರಿಗೂ ಅದು ಅನ್ವಯಿಸುತ್ತದೆ. ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಹಣವನ್ನು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಗೆ ಬಳಸಬಹುದು ಅಂತ 2013ರ ಕಂಪನಿ ಕಾಯ್ದೆಯಲ್ಲೇ ಇದೆ. ಅದನ್ನು ನೇರವಾಗಿ ನಿಮ್ಮ ಕೈಗೆ ಕೊಡುವುದಿಲ್ಲ, ಸಾಮಾನ್ಯವಾಗಿ ನೋಂದಾಯಿತ ಸಂಸ್ಥೆಯ ಮೂಲಕ ಬರುತ್ತದೆ. ಹಾಗಾಗಿ ಅವನ ಕ್ಲಬ್‌ನವರನ್ನೇ ಮುಂದೆ ಬಿಟ್ಟು ಅರ್ಜಿ ಹಾಕಿಸಿ. ಕ್ಯಾಂಪ್ ಫೀಸ್ ಕೇಳಬೇಡಿ, ಚೇರ್ ಕೇಳಿ. ಚೇರ್ ವರ್ಷಾನುಗಟ್ಟಲೆ ಕ್ಲಬ್‌ನಲ್ಲಿ ಕಣ್ಣಿಗೆ ಕಾಣುತ್ತದೆ, ಕೊಡುವವರಿಗೂ ಅದು ಇಷ್ಟ.

ಇಷ್ಟು ಹೇಳಿದ ಮೇಲೂ ಈ ವರ್ಷವೇ ಕಳಿಸಬೇಕು ಅನ್ನಿಸಿದರೆ, ಫೀಸ್ ಕಟ್ಟುವ ಮೊದಲು ಅಳತೆ ತೆಗೆಯಿರಿ. ಹಲಗೆಯ ಮೇಲೆ ತೆಳ್ಳನೆಯ ಬಟ್ಟೆ ಹಾಸಿ ಅವನನ್ನು ಕೂರಿಸಿ. ಎರಡು ನಿಮಿಷ ಸಾಕು, ಜಾಸ್ತಿ ಹೊತ್ತು ಬೇಡ. ಆಡುವಾಗ ಹಾಕುವ ಬಟ್ಟೆಯೇ ಮೈಮೇಲಿರಲಿ. ಸೊಂಟದ ಎರಡೂ ಪಕ್ಕ ದಪ್ಪ ಪುಸ್ತಕ ನಿಲ್ಲಿಸಿ, ಮೈಗೆ ತಾಗಿಸಿ, ಎರಡರ ನಡುವಿನ ಅಂತರ ಅಳೆಯಿರಿ. ಟೇಪನ್ನು ಸೊಂಟದ ಸುತ್ತ ಹಿಡಿಯಬೇಡಿ. ಸೊಂಟದ ಹಿಂಬದಿಯಿಂದ ಮಂಡಿಯ ಒಳಮಡಿಕೆವರೆಗೆ ಒಂದು, ಅಲ್ಲಿಂದ ಹಿಮ್ಮಡಿವರೆಗೆ ಇನ್ನೊಂದು. ಈ ಮೂರನ್ನೂ ಕ್ಯಾಂಪಿನವರಿಗೆ ಕಳಿಸಿ, ಇಷ್ಟು ಅಗಲದ ಚೇರ್ ಅವನ ಹೆಸರಿಗೆ ಎತ್ತಿಡುತ್ತೀರಾ ಅಂತ ಕೇಳಿ. ಅವನು ದಿನಾ ಬಳಸುವ ಕುಶನ್ ಅದರಲ್ಲಿ ಕೂರುತ್ತದಾ ಅಂತಲೂ ಕೇಳಿ. ಹೌದು ಅಂತ ಬರಹದಲ್ಲಿ ಉತ್ತರ ಬಂದರೆ ಅವನನ್ನು ಕಳಿಸಿ. "ಬನ್ನಿ, ಅಡ್ಜಸ್ಟ್ ಮಾಡೋಣ" ಅಂದರೆ ದುಡ್ಡು ಕಟ್ಟಬೇಡಿ.