ಎಳನೀರು ಕುಡಿಸಿದ ಮೇಲೆ ಏನು?

ಪ್ರಶ್ನೆ: ನಮ್ಮ ಮುಖಂಡರು ಹನ್ನೆರಡು ದಿನಗಳಿಂದ ಬರೀ ನೀರಿನ ಮೇಲೆ ಉಪವಾಸ ಸತ್ಯಾಗ್ರಹ ನಡೆಸಿದ್ದಾರೆ. ನಾಳೆ ಎಳನೀರು ಕುಡಿಸಿ, ಮಧ್ಯಾಹ್ನಕ್ಕೆ ಹೋಳಿಗೆ ಊಟ ಇಟ್ಟಿದ್ದೇವೆ. ತೊಂದರೆಯಿಲ್ಲವಲ್ಲ?

ಹೋಳಿಗೆ ನೀವು ತಿನ್ನಿ, ಅವರಿಗೆ ಬೇಡ. ಚಳವಳಿ ನಡೆದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಅದೂ ಪೆಂಡಾಲು ಬಿಚ್ಚುವ ಹಿಂದಿನ ದಿನ! ಇಷ್ಟು ದಿನ ಕೊಬ್ಬು ಕರಗಿಸಿಕೊಂಡು ಬದುಕಿದ ದೇಹದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಾಸ್ತಾನು ಸವೆದಿರುತ್ತದೆ. ರಕ್ತಪರೀಕ್ಷೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿ ಕಾಣಬಹುದು. ಒಮ್ಮೆಗೇ ಸಿಹಿ, ಅನ್ನ ಒಳಗೆ ಹೋದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದದ್ದನ್ನೂ ಜೀವಕೋಶಗಳೊಳಕ್ಕೆ ತಳ್ಳುತ್ತದೆ. ಆಗ ಹೃದಯದ ಲಯ ತಪ್ಪುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಎರಡನೇ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಹಲವರು ಸತ್ತದ್ದು ಊಟ ಸಿಕ್ಕ ಮೇಲೆ.

ಹೀಗೆಯೇ ಒಬ್ಬರಿಗೆ ವೇದಿಕೆಯ ಮೇಲೆ ಎಳನೀರಿನ ಹಿಂದೆಯೇ ಎರಡು ಪೇಡ ತಿನ್ನಿಸಿದ್ದರು. ನಾಲ್ಕನೇ ದಿನ ಅವರನ್ನು ನಾನು ನೋಡಿದಾಗ ಪಾದ ಊದಿತ್ತು, ಬೆರಳಿಟ್ಟರೆ ಗುಳಿ ಬೀಳುತ್ತಿತ್ತು.

ಫೋಟೊಗೆ ಎರಡು ಗುಟುಕು ಸಾಕು. ದಾಸ್ತಾನು ಸವೆದಿದ್ದರೂ, ಬಳಲಿದ ಮೂತ್ರಪಿಂಡಕ್ಕೆ ಬುರುಡೆಗಟ್ಟಲೆ ಎಳನೀರಿನ ಪೊಟ್ಯಾಸಿಯಂ ಒಮ್ಮೆಗೇ ಬಂದರೆ ಹೊರೆಯಾಗುತ್ತದೆ. ಅಲ್ಲಿಂದ ನೇರ ಆಸ್ಪತ್ರೆಗೆ. ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಕೊಡಲೇಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟು. ಮೊದಲ ದಿನ ತೂಕದ ಪ್ರತಿ ಕಿಲೋಗೆ 10 ಕ್ಯಾಲೊರಿ ಮೀರಬಾರದು. 60 ಕಿಲೋ ತೂಗುವವರಿಗೆ 600. ಅಂದರೆ ತೆಳು ಗಂಜಿ, ಸ್ವಲ್ಪ ಸ್ವಲ್ಪವಾಗಿ. ಹರಳೆಣ್ಣೆ ಕುಡಿಸಿ ಕರುಳು ತೊಳೆಯುವ ಪಂಡಿತರನ್ನು ಪೆಂಡಾಲಿನ ಹತ್ತಿರವೂ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಮಣಿಪುರದ ಹೋರಾಟಗಾರ್ತಿ ಇರೋಮ್ ಶರ್ಮಿಳಾ ಹದಿನಾರು ವರ್ಷ ಉಪವಾಸವಿದ್ದರಂತೆ. ಯೋಗಶಕ್ತಿಯೇ?

ಮೂಗಿನ ನಳಿಕೆ. ಬಂಧನದಲ್ಲಿಟ್ಟು ಅದರ ಮೂಲಕವೇ ಆಹಾರ ಇಳಿಸುತ್ತಿದ್ದರು.

ಪ್ರಶ್ನೆ: ಪ್ರಾಣ ಉಳಿಸಲು ವೈದ್ಯರು ಬಲವಂತವಾಗಿ ಉಣಿಸಬಹುದಲ್ಲವೇ?

ಬುದ್ಧಿ ಸ್ತಿಮಿತದಲ್ಲಿರುವವರು ಬೇಡವೆಂದರೆ ಕೂಡದು. ವಿಶ್ವ ವೈದ್ಯಕೀಯ ಸಂಘದ 1991ರ ಮಾಲ್ಟಾ ಘೋಷಣೆಯ ನಿಲುವೂ ಇದೇ. 1929ರಲ್ಲಿ ಲಾಹೋರ್ ಜೈಲಿನಲ್ಲಿ ಉಪವಾಸ ಕೂತಿದ್ದ ಕ್ರಾಂತಿಕಾರಿ ಜತಿನ್ ದಾಸ್‌ಗೆ ಬಲವಂತವಾಗಿ ಉಣಿಸಲು ಹೋಗಿ ಶ್ವಾಸಕೋಶ ಕೆಡಿಸಿದರು. 63ನೇ ದಿನ ಅವರು ತೀರಿಕೊಂಡರು.

ಪ್ರಶ್ನೆ: ನೀರನ್ನೂ ಬಿಟ್ಟರೆ ಸರ್ಕಾರ ಬೇಗ ಬಗ್ಗುವುದೇ?

ಸರ್ಕಾರದ ಮಾತು ನಾನರಿಯೆ, ಮೂತ್ರಪಿಂಡ ಬೇಗ ಬಗ್ಗುತ್ತದೆ.

ಪ್ರಶ್ನೆ: ಬೆಳಗಿನಿಂದ ಸಂಜೆವರೆಗಿನ ಸರದಿ ಉಪವಾಸಕ್ಕೆ ಆಂಬುಲೆನ್ಸ್ ಬೇಕೇ?

ಕೊಡೆ ತೆಗೆದುಕೊಂಡು ಹೋಗಿ.